ಶಾಲೆಯ ಕಾಟ: ನಗುವವರು, ನೋಡುವವರು

“ಮಕ್ಕಳಲ್ಲಿ ಇದೆಲ್ಲ ಇದ್ದದ್ದೇ.”
ನಾರ್ವೆಯವರೂ ಹಾಗೇ ಅಂದುಕೊಂಡಿದ್ದರು. 1982ರ ಕೊನೆಯಲ್ಲಿ ಮೂವರು ಹುಡುಗರು ಜೀವ ಕಳೆದುಕೊಂಡರು. ಕಾರಣ ಸಹಪಾಠಿಗಳ ಕಾಟವೆಂಬ ಸುದ್ದಿಗೆ ದೇಶವೇ ಬೆಚ್ಚಿತು. ಮರುವರ್ಷ ಶಾಲೆಗಳಲ್ಲಿ ಆಂದೋಲನ ಶುರುವಾಯಿತು. ಮನೋವಿಜ್ಞಾನಿ ಡಾನ್ ಓಲ್ವೇಯಸ್ ಬರ್ಗೆನ್ ನಗರದ ಸುಮಾರು 2,500 ಮಕ್ಕಳನ್ನು ಎರಡೂವರೆ ವರ್ಷ ಗಮನಿಸಿದರು. ಕಾಟ ಹೆಚ್ಚುಕಡಿಮೆ ಅರ್ಧಕ್ಕಿಳಿದಿತ್ತು. ‘ಇದ್ದದ್ದೇ’ ಆಗಿದ್ದರೆ ಇಳಿಯುತ್ತಿತ್ತೇ?

“ಹೊಡೆದಿಲ್ಲವಲ್ಲ, ಮತ್ತೇನು?”
ಮಧ್ಯಾಹ್ನ ಡಬ್ಬಿ ಬಿಚ್ಚಿ ಹುಡುಗಿಯರು ದುಂಡಗೆ ಕೂತಿರುತ್ತಾರೆ. ಒಬ್ಬಳು ಬಂದಳೆಂದರೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಸಂದು ಮುಚ್ಚುತ್ತಾರೆ. ಬೈಗುಳವಿಲ್ಲ, ಗಾಯವಿಲ್ಲ, ಟೀಚರ್ ಹತ್ತಿರ ಏನಂತ ದೂರುವುದು? ಇದು ದಿನವೂ ನಡೆದರೆ ಕಾಟವೇ. “ಸ್ಕೂಲು ಹೇಗಿತ್ತು?” ಎಂದು ಕೇಳಿದರೆ “ಚೆನ್ನಾಗಿತ್ತು” ಅನ್ನುವ ಮಗು, “ಯಾರ ಜೊತೆ ಊಟ ಮಾಡಿದೆ?” ಎಂದರೆ ತಡವರಿಸಬಹುದು.

“ನೀನೂ ತಿರುಗಿಸಿ ಬಾರಿಸು.”
ಹಾಗೆ ಬಾರಿಸಬಲ್ಲವನನ್ನು ಕಾಟ ಕೊಡುವವರು ಆರಿಸಿಕೊಳ್ಳುವುದೇ ಇಲ್ಲ.

“ಇದು ಅವರಿಬ್ಬರ ವಿಷಯ.”
ನನ್ನ ಮಟ್ಟಿಗೆ ಎಲ್ಲಕ್ಕಿಂತ ದುಬಾರಿ ತಪ್ಪು ಇದು. ಟೊರಾಂಟೊದ ಶಾಲಾ ಮೈದಾನಗಳಲ್ಲಿ ಸಂಶೋಧಕರು ಕ್ಯಾಮೆರಾ, ಮೈಕು ಇಟ್ಟು ನೋಡಿದರು. ಕಾಟ ನಡೆದಾಗ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಸಲ ಬೇರೆ ಮಕ್ಕಳು ಸುತ್ತ ಇದ್ದರು. ಅಡ್ಡ ಬಂದದ್ದು ಐದರಲ್ಲಿ ಒಂದು ಸಲ. ಅಡ್ಡ ಬಂದಾಗಲೋ, ಅರ್ಧಕ್ಕಿಂತ ಹೆಚ್ಚು ಸಲ ಹತ್ತು ಸೆಕೆಂಡಿನಲ್ಲಿ ಕಾಟ ನಿಂತಿತ್ತು! ಕಾಟ ಕೊಡುವವನಿಗೆ ಬೇಕಾದದ್ದು ಆ ಸುತ್ತಲಿನ ನಗೆ. ಫಿನ್ಲೆಂಡಿನ ತುರ್ಕು ವಿಶ್ವವಿದ್ಯಾಲಯದ ಕ್ರಿಸ್ಟಿನಾ ಸಾಲ್ಮಿವಲ್ಲಿ ಮತ್ತು ಸಂಗಡಿಗರು ರೂಪಿಸಿದ ‘ಕಿವಾ’ ಕಾರ್ಯಕ್ರಮ ಅದಕ್ಕೇ ಇಡೀ ತರಗತಿಯನ್ನು ಹಿಡಿಯುತ್ತದೆ. ತರಗತಿಯಲ್ಲಿ ಮಾತು ನಡೆಯುವ ಎರಡರಿಂದ ನಾಲ್ಕು ಮಕ್ಕಳನ್ನು ಕರೆದು, ನೊಂದ ಮಗುವಿನ ಜೊತೆ ನಿಲ್ಲುವಂತೆ ಶಿಕ್ಷಕರು ಹೇಳುತ್ತಾರೆ. ಹೀರೋಗಿರಿ ಬೇಕಿಲ್ಲ, ನಗದಿರುವುದು, “ಬಾರೋ ಆಡೋಣ” ಎಂದು ಕರೆದೊಯ್ಯುವುದು, ಅಷ್ಟೇ.

“ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸಿದರಾಯಿತು.”
ಸಮಬಲರ ಜಗಳಕ್ಕೆ ಅದು ಸರಿ. ಇಲ್ಲಿ ಹೆಡ್‌ಮಾಸ್ಟರ ಕೊಠಡಿಯಲ್ಲಿ ‘ಸಾರಿ’ ಎಂದವನು ಸೈಕಲ್ ಸ್ಟ್ಯಾಂಡಿನಲ್ಲಿ ಬಡ್ಡಿ ಸಮೇತ ವಸೂಲಿ ಮಾಡುತ್ತಾನೆ. ಮೊದಲು ನೊಂದ ಮಗುವಿನೊಡನೆ ಏಕಾಂತದಲ್ಲಿ ಮಾತಾಡಬೇಕು. ಕಾಟ ಕೊಟ್ಟವರೊಡನೆ ಆಮೇಲೆ, ಬೇರೆಯಾಗಿ. ಕೆಲವು ದಿನ ಬಿಟ್ಟು ಮತ್ತೆ ವಿಚಾರಿಸಬೇಕು.

“ಹೇಳಿದರೆ ಚಾಡಿಕೋರ ಅಂತಾರೆ.”
ಚಾಡಿ ಇನ್ನೊಬ್ಬರನ್ನು ಸಿಕ್ಕಿಸಲು. ಇದು ಒಬ್ಬರನ್ನು ಬಿಡಿಸಲು. ಶಾಲೆಯಲ್ಲಿ ಕೇಳುವವರಿಲ್ಲದಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ. ಕರೆ ಉಚಿತ, ಮಗುವೇ ಮಾಡಬಹುದು.