ಅರಿಯದ ಕೆರೆಯಲ್ಲಿ ಗೆಂಡೆ ಮೀನು

ತುರುವೇಕೆರೆ ತಾಲ್ಲೂಕಿನ ಮಲ್ಲಾಘಟ್ಟದ ಕೆರೆಗೆ ಗಾಳ ಹಿಡಿದು ನಾನು ಹೋದದ್ದು ಈ ವರ್ಷವೇ ಮೊದಲು. ಅರಿಯದ ಕೆರೆಯಲ್ಲಿ ಮೊದಲು ಆಳವನ್ನು ತಿಳಿಯಬೇಕು. ಸಾಮಾನ್ಯವಾಗಿ ಏರಿಯ ತೂಬಿನ ಬಳಿ ಆಳ ಹೆಚ್ಚು, ಹಿನ್ನೀರಿನ ಕಡೆಗೆ ಕಡಿಮೆ. ಕಾಟ್ಲಾ ಮೇಲ್ನೀರಿನಲ್ಲಿಯೂ, ರೋಹು ನಡುನೀರಿನಲ್ಲಿಯೂ, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದಲ್ಲಿಯೂ ಮೇಯುತ್ತವೆ. ಆದುದರಿಂದ ದಾರಕ್ಕೆ ಸೀಸದ ಗುಂಡು ಕಟ್ಟಿ ಆಳವನ್ನಳೆದು, ಬಯಸಿದ ಮೀನಿಗೆ ತಕ್ಕಂತೆ ಬೆಂಡನ್ನು ಸರಿಸಿಕೊಳ್ಳಬೇಕು. ತಳದ ಮೀನಿಗೆ ಗಟ್ಟಿಯಾದ ರಾಗಿಮುದ್ದೆಯನ್ನೋ ಎರೆಹುಳುವನ್ನೋ ಸಿಕ್ಕಿಸಬಹುದು.

ಕಾಟ್ಲಾ, ರೋಹು, ಮೃಗಾಲ್ ಹರಿಯುವ ಹೊಳೆಯ ಮೀನುಗಳು. ಕೆರೆಯ ನಿಂತ ನೀರಿನಲ್ಲಿ ತಾವಾಗಿ ಮರಿಮಾಡವು. 1957ರಲ್ಲಿ ಹೀರಾಲಾಲ್ ಚೌಧುರಿಯವರು ಒಡಿಶಾದಲ್ಲಿ ಮೀನಿನ ಗ್ರಂಥಿರಸವನ್ನು ಚುಚ್ಚಿ ಇಂಥ ಗೆಂಡೆಗಳಿಂದ ಮೊಟ್ಟೆಯಿಡಿಸಿದರು. ಅಂದಿನಿಂದ ಮರಿಗಳನ್ನು ಪಡೆಯುವುದು ಸುಲಭವಾಯಿತು.

ಹೀಗಾಗಿ ಕೆರೆಯ ಗೆಂಡೆ ಯಾರೋ ಹಣ ತೆತ್ತು ಬಿತ್ತಿದ ಬೆಳೆ. ನಮ್ಮ ಸೀಮೆಯಲ್ಲಿ ತೋಟದೊಡೆಯನನ್ನು ಕೇಳದೆ ಬಿದ್ದ ತೆಂಗಿನಕಾಯನ್ನು ಯಾರೂ ಎತ್ತಿಕೊಳ್ಳರು. ಗಾಳ ಹಾಕುವ ಮುನ್ನ ಮೀನಿನ ಗುತ್ತಿಗೆ ಹಿಡಿದವರ ಅಪ್ಪಣೆ ಪಡೆಯುವುದೂ ಅಷ್ಟೇ ನ್ಯಾಯ. ನಮ್ಮ ಮನೆತನದಲ್ಲಿ ಕಾಲೇಜು ಕಂಡವನು ನಾನೇ ಮೊದಲು. ಆದರೆ ಈ ಪಾಠವನ್ನು ಓದು ಬರಹವಿಲ್ಲದ ನನ್ನ ತಂದೆಯವರು ಒಂದೇ ಮಾತಿನಲ್ಲಿ ಹೇಳಿದ್ದರು: “ಕೆರೆ ಊರಿನದು, ಮೀನು ಬಿಟ್ಟವನದು.”