ಕಿಟ್‌ನ ಎರಡು ಗೆರೆ, ಇಲಿಯ ಹೊಟ್ಟೆ
ಪ್ರೆಗ್ನೆನ್ಸಿ ಕಿಟ್‌ನಲ್ಲಿ ಎರಡು ಗೆರೆ ಮೂಡುತ್ತಲ್ಲ, ಅದು ಮೊನೊಕ್ಲೋನಲ್ ಆಂಟಿಬಾಡಿಯ, ಅಂದರೆ ಒಂದೇ ಕೋಶವಂಶ ತಯಾರಿಸುವ ಒಂದೇ ಬಗೆಯ ಪ್ರತಿಕಾಯದ ಕೆಲಸ. 1975ರಲ್ಲಿ ಕೇಂಬ್ರಿಡ್ಜ್‌ನಲ್ಲಿ ವಿಜ್ಞಾನಿಗಳಾದ ಕೋಲರ್, ಮಿಲ್‌ಸ್ಟೈನ್ ಇಬ್ಬರೂ ಇಲಿಯ ರೋಗನಿರೋಧಕ ಕೋಶವನ್ನು ಕ್ಯಾನ್ಸರ್ ಕೋಶಕ್ಕೆ ಬೆಸೆದು ಇದಕ್ಕೆ ದಾರಿ ಮಾಡಿದರು. 1984ರಲ್ಲಿ ನೊಬೆಲ್ ಕೂಡ ಬಂತು.

ಇಲಿಗೆ ಬಂದದ್ದು ಬೇರೆ. ಆಂಟಿಬಾಡಿ ಹೆಚ್ಚು ಸಿಗಲೆಂದು ಮೊದಲು ಅದರ ಹೊಟ್ಟೆಗೆ ಪ್ರಿಸ್ಟೇನ್ ಎಂಬ ಎಣ್ಣೆ ಚುಚ್ಚುತ್ತಾರೆ, ಆಮೇಲೆ ಬೆಸೆದ ಕೋಶಗಳನ್ನು. ಒಂದೆರಡು ವಾರದಲ್ಲಿ ಹೊಟ್ಟೆ ಬಲೂನಿನಂತೆ ಉಬ್ಬುತ್ತದೆ. ಬೆನ್ನು ಗೂನಾಗಿ, ರೋಮ ಕೆದರಿ, ಏದುಸಿರು ಬಿಡುವ ಇಲಿಗೆ ಸೂಜಿ ಹಾಕಿ ಆಂಟಿಬಾಡಿ ತುಂಬಿದ ನೀರು ಬಸಿಯುತ್ತಾರೆ.

ಅದೇ ಕೋಶಗಳು ಕೋಶ ಬೆಳೆಸುವ ಪಾತ್ರೆಯಾದ ಬಯೋರಿಯಾಕ್ಟರ್‌ನಲ್ಲೂ ಬೆಳೆಯುತ್ತವೆ. ಯುರೋಪಿನ ಹಲವು ದೇಶಗಳು ಹೊಟ್ಟೆಯ ವಿಧಾನಕ್ಕೆ ಕಡಿವಾಣ ಹಾಕಿವೆ. ‘ಇದೇ ಸುಲಭ’ ಅನ್ನೋ ನೆಪ ನನಗಂತೂ ಒಪ್ಪಿಗೆಯಿಲ್ಲ. ಆದರೂ ಬೆಸೆಯುವ ಮೊದಲ ರೋಗನಿರೋಧಕ ಕೋಶಕ್ಕೆ ಸಾಮಾನ್ಯವಾಗಿ ಇಲಿಯ ಗುಲ್ಮ ಬೇಕು. ಬ್ಯಾಕ್ಟೀರಿಯಾದ ವೈರಸ್ ಬಳಸಿ ಅದನ್ನೂ ತಪ್ಪಿಸಬಲ್ಲ ಫೇಜ್ ಡಿಸ್‌ಪ್ಲೇ ತಂತ್ರಕ್ಕೆ 2018ರಲ್ಲಿ ನೊಬೆಲ್ ಸಿಕ್ಕಿದೆ.