ಕ್ಯಾಸೆಟ್ಟಿನೊಳಗಿನ ಪಾರಿಜಾತ

ಬೀಳಗಿಯಲ್ಲಿ ಹುಟ್ಟಿದ ಅಮೀರಬಾಯಿ ಕರ್ನಾಟಕಿ ಅವರು ತೀರಿಕೊಂಡದ್ದು 1965ರಲ್ಲಿ. ಅವರ ದನಿ ಮಾತ್ರ ಈಗಲೂ ಬೇಕೆಂದಾಗ ಕೇಳಸಿಗುತ್ತದೆ. 1943ರ ‘ಕಿಸ್ಮತ್’ ಚಿತ್ರದ ಅವರ ಹಾಡುಗಳು ಮೊಬೈಲಿನಲ್ಲಿ ಹುಡುಕಿದರೆ ಕ್ಷಣದಲ್ಲಿ ಬರುತ್ತವೆ. ಇದಕ್ಕೆ ಅವರ ಕೀರ್ತಿ ಎಷ್ಟು ಕಾರಣವೋ ಅರಗೂ ಅಷ್ಟೇ ಕಾರಣ. ಆ ಕಾಲದ 78 ಸುತ್ತಿನ ರೆಕಾರ್ಡನ್ನು, ಅರಗಿನ ಹುಳು ಮರದ ಕೊಂಬೆಯ ಮೇಲೆ ಕೂಡಿಹಾಕುವ ರಾಳಕ್ಕೆ ಕಲ್ಲಿನ ನುಣ್ಣನೆಯ ಪುಡಿ ಮತ್ತು ಕಪ್ಪು ಬಣ್ಣ ಬೆರೆಸಿ, ಬಿಸಿಯಲ್ಲಿ ಅಚ್ಚೊತ್ತಿ ಮಾಡುತ್ತಿದ್ದರು. ಕಲ್ಕತ್ತೆಯಲ್ಲಿ 1908ರಲ್ಲಿಯೇ ಇಂಥ ಕಾರ್ಖಾನೆ ನಡೆಯುತ್ತಿತ್ತು. ಬೇಡಿಕೆ ಇದ್ದರೆ ಒಂದೇ ಹಾಡಿನ ತಟ್ಟೆಗಳು ಸಾವಿರಗಟ್ಟಲೆ ಹೊರಬೀಳುತ್ತಿದ್ದವು. ಒಬ್ಬರ ಮನೆಯದು ಕೈಜಾರಿ ಒಡೆದರೂ ಇನ್ನೊಬ್ಬರ ಅಟ್ಟದ ಮೇಲಿನದು ಉಳಿಯಿತು. ಇಂದು ನಾವು ಕೇಳುವುದು ಹಾಗೆ ಉಳಿದ ತಟ್ಟೆಗಳ ದನಿಯನ್ನು.

ಬೀಳಗಿ ಇರುವ ಬಾಗಲಕೋಟೆ ಜಿಲ್ಲೆಯದೇ ಆದ ತೇರದಾಳದ ಸುತ್ತಿನ ಊರುಗಳ ದನಿಗೆ ಆ ಭಾಗ್ಯವಿಲ್ಲ. ಈ ಸೀಮೆಯ ದೊಡ್ಡ ಆಟ ಶ್ರೀಕೃಷ್ಣ ಪಾರಿಜಾತ. ಕುಲಗೋಡ ತಮ್ಮಣ್ಣನ ಕೈಯಲ್ಲಿ ರೂಪ ಪಡೆದು, ಕೌಜಲಗಿ ನಿಂಗಮ್ಮನಂಥ ಕಲಾವಿದೆಯ ಕಂಠದಲ್ಲಿ ಊರೂರು ತಿರುಗಿದ ಆಟವದು. ಹಾರ್ಮೋನಿಯಂ, ತಬಲಾ, ತಾಳ. ಸತ್ಯಭಾಮೆಯ ಮುನಿಸು, ದೂತಿಯ ಚುರುಕು ಮಾತು. ರಾತ್ರಿ ಶುರುವಾದರೆ ಕೋಳಿ ಕೂಗುವ ತನಕ. ಎಪ್ಪತ್ತು, ಎಂಬತ್ತರ ದಶಕದಲ್ಲಿ ಮನೆಮನೆಗೆ ಟೇಪರಿಕಾರ್ಡರು ಬಂದಾಗ ಆಸಕ್ತರು ಅದನ್ನು ಲೌಡ್‌ಸ್ಪೀಕರಿನ ಪಕ್ಕ ಇಟ್ಟು ಇಂಥ ಆಟಗಳನ್ನು, ಗೀಗೀ ಪದ, ಡೊಳ್ಳಿನ ಪದ, ಭಜನೆಗಳನ್ನು, ಮಠದ ಪ್ರವಚನಗಳನ್ನು ಹಿಡಿದಿಟ್ಟರು. ಕಂಪನಿಯವರು ಹೊರತಂದ ಕ್ಯಾಸೆಟ್ಟಿಗೆ ಪ್ರತಿಗಳು ಎಷ್ಟೋ ಇವೆ. ಹೀಗೆ ಮನೆಯವರು ಹಿಡಿದದ್ದಕ್ಕೆ ಇರುವುದು ಸಾಮಾನ್ಯವಾಗಿ ಒಂದೇ. ಅದು ಹೋದರೆ ಆ ರಾತ್ರಿಯ ಹಾಡಿಕೆ ಪೂರ್ತಿ ಹೋದಂತೆ. ಧ್ವನಿ ಸಂರಕ್ಷಣೆಯ ಕೆಲಸದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಇದೇ ಎಂದು ನಾನು ನಂಬಿದ್ದೇನೆ: ಇದರ ಇನ್ನೊಂದು ಪ್ರತಿ ಎಲ್ಲಾದರೂ ಇದೆಯೆ?

ಈ ಕೆಲಸ ಏಕೆ ಸೂಕ್ಷ್ಮ ಎಂಬುದು ತಿಳಿಯಲು ಕ್ಯಾಸೆಟ್ಟಿನ ಒಳಗನ್ನು ನೋಡಬೇಕು. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಈ ಡಬ್ಬಿಯಲ್ಲಿರುವ ರೀಲಿನ ಅಗಲ 4 ಮಿಲಿಮೀಟರಿಗೂ ಕಡಿಮೆ. ಅರವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಅದರ ಉದ್ದ ಸುಮಾರು 86 ಮೀಟರ್, ದಪ್ಪ ಸುಮಾರು 18 ಮೈಕ್ರಾನ್. ಎಂದರೆ ಅಂಥ ಐವತ್ತೈದು ಪದರ ಸೇರಿದರೆ ಒಂದು ಮಿಲಿಮೀಟರ್. ಅದರ ಬೆನ್ನು ಪಾಲಿಯೆಸ್ಟರಿನದು. ಮೇಲೆ ಒಂದು ಅಂಟು, ಆ ಅಂಟಿನಲ್ಲಿ ಕಬ್ಬಿಣದ ಆಕ್ಸೈಡಿನ ಸೂಜಿಯಾಕಾರದ ಕಣಗಳು. ಹಾಡಿನ ದನಿ ಮೈಕಿನಲ್ಲಿ ವಿದ್ಯುತ್ತಾಗಿ, ಆ ವಿದ್ಯುತ್ತು ರೆಕಾರ್ಡಿಂಗ್ ಹೆಡ್ಡಿನ ಸೀಳಿನಲ್ಲಿ ಕಾಂತಕ್ಷೇತ್ರವಾಗಿ ಏರಿಳಿಯುತ್ತದೆ. ಹೆಡ್ಡಿನ ಮುಂದೆ ಸರಿದು ಹೋಗುವ ಕಣಗಳು ಆ ಏರಿಳಿತವನ್ನು ತಮ್ಮ ಕಾಂತತ್ವದಲ್ಲಿ ಇಟ್ಟುಕೊಳ್ಳುತ್ತವೆ. ಮರಳಿ ನುಡಿಸುವಾಗ ಅದೇ ಕಣಗಳು ಹೆಡ್ಡಿನ ಸುರುಳಿಯಲ್ಲಿ ಸಣ್ಣ ವಿದ್ಯುತ್ತನ್ನು ಎಬ್ಬಿಸುತ್ತವೆ. ಅದನ್ನು ಹೆಚ್ಚಿಸಿ ಸ್ಪೀಕರಿಗೆ ಕೊಟ್ಟರೆ ಹಾಡು.

ರೀಲು ಸಾಗುವ ವೇಗ ಸೆಕೆಂಡಿಗೆ 4.76 ಸೆಂಟಿಮೀಟರ್ ಮಾತ್ರ. 1950ರಲ್ಲಿ ಶುರುವಾದ ಧಾರವಾಡದಂಥ ಆಕಾಶವಾಣಿ ಕೇಂದ್ರಗಳ ದೊಡ್ಡ ಸ್ಪೂಲ್ ಟೇಪುಗಳು ಇದರ ನಾಲ್ಕು ಪಟ್ಟು ಅಥವಾ ಅದಕ್ಕೂ ಹೆಚ್ಚು ವೇಗದಲ್ಲಿ ಓಡುವಂಥವು. ವೇಗ ಕಡಿಮೆಯಾದಷ್ಟೂ ದನಿಯ ಅಲೆಗಳು ರೀಲಿನ ಮೇಲೆ ಒತ್ತೊತ್ತಾಗಿ ಕೂರುತ್ತವೆ. ತಾಳದ ಕಿಣಿಕಿಣಿಯಲ್ಲಿರುವ ಸೆಕೆಂಡಿಗೆ 10,000 ಕಂಪನದ ದನಿಯನ್ನು ತೆಗೆದುಕೊಳ್ಳಿ. ಕ್ಯಾಸೆಟ್ಟಿನ ರೀಲಿನ ಮೇಲೆ ಅದರ ಒಂದು ಅಲೆಗೆ ಸಿಗುವ ಜಾಗ 5 ಮೈಕ್ರಾನಿಗೂ ಕಡಿಮೆ. ಇಷ್ಟು ಸಣ್ಣದನ್ನು ಓದಬೇಕಾದರೆ ಹೆಡ್ಡಿನ ಸೀಳು ರೀಲಿಗೆ ಕರಾರುವಾಕ್ಕಾಗಿ ಅಡ್ಡಕ್ಕೆ ನಿಲ್ಲಬೇಕು. ರಬಕವಿ, ಬನಹಟ್ಟಿಯ ಮಗ್ಗದಲ್ಲಿ ಹಾಸಿಗೆ ಹೊಕ್ಕು ವಾರೆಯಾಗಿ ಬಿದ್ದರೆ ಸೀರೆಯ ಕಥೆ ಏನಾಗುತ್ತದೆ ಎಂದು ಅಲ್ಲಿಯವರಿಗೆ ಗೊತ್ತು, ಇದೂ ಹಾಗೆಯೇ. ಹೆಡ್ಡು ಅರ್ಧ ಡಿಗ್ರಿ ವಾಲಿದರೆ ಸಾಕು, ಒಂದೂವರೆ ಮಿಲಿಮೀಟರ್ ಅಗಲದ ಜಾಡಿನ ಈ ಅಂಚಿಗೂ ಆ ಅಂಚಿಗೂ 13 ಮೈಕ್ರಾನ್ ವ್ಯತ್ಯಾಸ ಬಂದು, ತಾಳದ ಆ ಸಣ್ಣ ಅಲೆಗಳು ಒಂದನ್ನೊಂದು ನುಂಗಿಹಾಕುತ್ತವೆ. ಕೇಳುವವರು ‘ಹಳೆಯ ಕ್ಯಾಸೆಟ್ಟು, ದನಿ ಮಂಕಾಗಿದೆ’ ಎನ್ನುತ್ತಾರೆ. ಎಷ್ಟೋ ಸಲ ದನಿ ಮಂಕಾಗಿರುವುದಿಲ್ಲ, ಹಿಡಿದ ಯಂತ್ರದ ಹೆಡ್ಡು ವಾಲಿದ್ದ ರೀತಿಯೇ ಓದುವ ಯಂತ್ರದ ಹೆಡ್ಡೂ ವಾಲಿರಬೇಕಷ್ಟೆ. ಆದ್ದರಿಂದ ಪ್ರತಿ ಕ್ಯಾಸೆಟ್ಟಿಗೂ, ಅದರ ಎರಡೂ ಬದಿಗೂ ಬೇರೆಬೇರೆಯಾಗಿ ಹೆಡ್ಡಿನ ಪಕ್ಕದ ಪುಟ್ಟ ಸ್ಕ್ರೂ ತಿರುವಿ, ತಾಳ ಅತಿ ಸ್ಪಷ್ಟವಾಗಿ ಕೇಳುವ ಜಾಗವನ್ನು ಕಿವಿಯಿಂದಲೂ ಮೀಟರಿನಿಂದಲೂ ಹುಡುಕಬೇಕಾಗುತ್ತದೆ. ಧ್ವನಿ ಭಂಡಾರದ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾದ ಗಳಿಗೆ ಇದು. ಸ್ಕ್ರೂ ಕಾಲು ಸುತ್ತು ತಿರುಗುವಷ್ಟರಲ್ಲಿ ಕಂಬಳಿ ಹೊದ್ದಂತಿದ್ದ ಹಾಡು ಮೈಕೊಡವಿ ಎದ್ದುಬರುತ್ತದೆ.

ಇನ್ನೊಂದು ತೊಡಕು ವೇಗದ್ದು. ಆಟ ಹಿಡಿದ ಟೇಪರಿಕಾರ್ಡರು ಸೆಲ್ಲಿನ ಮೇಲೆ ಓಡಿರುತ್ತದೆ. ಬೆಳಗಿನ ಜಾವದ ಹೊತ್ತಿಗೆ ಸೆಲ್ಲು ಕುಗ್ಗಿ ಮೋಟರು ನಿಧಾನವಾಗುತ್ತದೆ. ನಿಧಾನವಾಗಿ ಹಿಡಿದದ್ದನ್ನು ಸರಿಯಾದ ವೇಗದಲ್ಲಿ ನುಡಿಸಿದರೆ ಹಾಡು ಓಡುತ್ತದೆ, ಶ್ರುತಿ ಏರುತ್ತದೆ. ಮೋಟರು ನೂರಕ್ಕೆ ಆರರಷ್ಟು ಕುಗ್ಗಿದ್ದರೆ ಹಾಡು ಹೆಚ್ಚುಕಡಿಮೆ ಒಂದು ಮನೆ ಮೇಲಕ್ಕೆ ಹೋಗುತ್ತದೆ. ಬಿಳಿ ಒಂದರಲ್ಲಿ ಹಾಡಿದವರು ಕರಿ ಒಂದರಲ್ಲಿ ಹಾಡಿದಂತೆ ಕೇಳುತ್ತದೆ. ಕಲಾವಿದೆಯ ನಿಜವಾದ ಕಂಠ ಯಾವುದು ಎಂದು ಗೊತ್ತುಮಾಡುವುದು ಹೇಗೆ? ಪಾರಿಜಾತಕ್ಕೆ ಹಾರ್ಮೋನಿಯಂ ಇರುವುದು ಇಲ್ಲಿ ನಮ್ಮ ಪುಣ್ಯ. ಕಂಠ ಏರಿಳಿಯಬಹುದು, ಹಾರ್ಮೋನಿಯಮ್ಮಿನ ಹಿತ್ತಾಳೆಯ ನಾಲಗೆ ಒಂದೇ ರಾತ್ರಿಯಲ್ಲಿ ಶ್ರುತಿ ಬದಲಿಸದು. ಆಟದ ಮೊದಲ ಹಾಡಿನಲ್ಲಿ ಅದು ಕೊಟ್ಟ ಶ್ರುತಿಯನ್ನೂ ಕೊನೆಯ ಹಾಡಿನಲ್ಲಿ ಕೊಟ್ಟದ್ದನ್ನೂ ಅಳೆದು ಹೋಲಿಸಿದರೆ ಮೋಟರು ಎಷ್ಟು ಸೋತಿತ್ತೆಂಬುದು ಸಿಗುತ್ತದೆ. ಲೌಡ್‌ಸ್ಪೀಕರಿನ ಗುಂಯ್‌ಗುಡುವಿಕೆಯೂ ಸಾಕ್ಷಿ ಹೇಳುತ್ತದೆ. ನಮ್ಮ ಕರೆಂಟಿನದು ಸೆಕೆಂಡಿಗೆ 50 ಆವರ್ತನ. ಟೇಪಿನಲ್ಲಿ ಆ ಗುಂಯ್ 53ಕ್ಕೆ ಕೇಳಿದರೆ ನುಡಿಸುವ ವೇಗ ನೂರಕ್ಕೆ ಆರರಷ್ಟು ಹೆಚ್ಚಾಗಿದೆ ಎಂದೇ ಲೆಕ್ಕ. ಆಟಕ್ಕೆ ಜನರೇಟರ್ ಹಚ್ಚಿದ್ದರೆ ಮಾತ್ರ ಈ ಸಾಕ್ಷಿಯನ್ನು ನಂಬುವಂತಿಲ್ಲ. ಹಿಡಿದವರಿಗೆ ಕಿರಿಕಿರಿಯೆನಿಸಿದ್ದ ಸದ್ದು ಹೀಗೆ ನಲವತ್ತು ವರ್ಷದ ಮೇಲೆ ಆಧಾರವಾಗುತ್ತದೆ. ಅದಕ್ಕೇ ಮೂಲ ಪ್ರತಿ ಮಾಡುವಾಗ ಸದ್ದು ತೆಗೆದು ಚೆಂದ ಮಾಡಲು ಹೋಗಬಾರದು. ಟೇಪು ಕೊಟ್ಟದ್ದನ್ನೆಲ್ಲ ಇದ್ದಂತೆಯೇ ಇಳಿಸಿಕೊಳ್ಳಬೇಕು. ತಿದ್ದುಪಡಿ ಏನಿದ್ದರೂ ಅದರ ನಕಲಿನಲ್ಲಿ.

ಕೆಲವು ಕ್ಯಾಸೆಟ್ಟುಗಳಲ್ಲಿ ಭಾಗವತರು ಪದ ಎತ್ತುವ ಎರಡು ಸೆಕೆಂಡ್ ಮೊದಲೇ ಅದೇ ಪದ ಬಲು ಮೆಲ್ಲಗೆ ಕೇಳುತ್ತದೆ. ವರ್ಷಗಟ್ಟಲೆ ಅಲುಗಾಡದೆ ಕೂತ ಸುತ್ತಿನಲ್ಲಿ ಒಂದು ಪದರದ ಕಾಂತತ್ವ ಪಕ್ಕದ ಪದರಕ್ಕೆ ಅಂಟಿಕೊಂಡದ್ದರ ಫಲ ಅದು. ನುಡಿಸುವ ಮುನ್ನ ಒಂದೆರಡು ಸಲ ಪೂರ್ತಿ ಸುತ್ತಿ ಬಿಚ್ಚಿದರೆ ತುಸು ಇಳಿಯುತ್ತದೆ.

ಟೇಪಿಗೆ ಮುಪ್ಪು ಬರುವುದು ಹೆಚ್ಚಾಗಿ ಅಂಟಿನಿಂದ. ಗಾಳಿಯ ತೇವ ಹೀರಿ ಅಂಟಿನ ಸರಪಳಿಗಳು ಒಡೆದು ಮೇಲ್ಮೈ ಜಿಗುಟಾಗುತ್ತದೆ. ಎಪ್ಪತ್ತು, ಎಂಬತ್ತರ ದಶಕದ ಕೆಲವು ಬಗೆಯ ಸ್ಪೂಲ್ ಟೇಪುಗಳಲ್ಲಿ ಇದು ಬಹಳ. ಅಂಥದನ್ನು ನುಡಿಸಿದರೆ ಕಂದು ಪುಡಿ ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ, ಮತ್ತು ಆ ಪುಡಿಯೇ ಹಾಡು. ತಜ್ಞರು ಅವನ್ನು 50 ಡಿಗ್ರಿಯ ಆಸುಪಾಸಿನ ಹದವಾದ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟು, ತಾತ್ಕಾಲಿಕವಾಗಿ ಗಟ್ಟಿಮಾಡಿ, ಆ ಬಿಡುವಿನಲ್ಲಿ ಇಳಿಸಿಕೊಳ್ಳುತ್ತಾರೆ. ಇದು ಮನೆಯಲ್ಲಿ ಮಾಡುವ ಕೆಲಸವಲ್ಲ. ಬಾಗಲಕೋಟೆಯ ಒಣ ಹವೆ ಕರಾವಳಿಗಿಂತ ಟೇಪಿಗೆ ಒಳ್ಳೆಯದು, ಬೂಷ್ಟು ಹಿಡಿಯುವುದು ಕಡಿಮೆ. ಆದರೆ ಇಲ್ಲಿಯ ಬೇಸಿಗೆ 40 ಡಿಗ್ರಿ ದಾಟುತ್ತದೆ, ಪತ್ರಾಸಿನ ಕೆಳಗಿನ ಅಟ್ಟ ಇನ್ನೂ ಕಾಯುತ್ತದೆ. ಜೊತೆಗೆ ಎರೆಮಣ್ಣಿನ ದೂಳು. 2019ರ ಆಗಸ್ಟಿನಂತೆ ಕೃಷ್ಣೆ ಉಕ್ಕಿ ಮನೆಗೆ ನುಗ್ಗಿದರೆ ಮಾಡಬೇಕಾದದ್ದು ಇಷ್ಟು: ಕೆಸರಾದ ಕ್ಯಾಸೆಟ್ಟನ್ನು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನಲ್ಲಿ ಮೆಲ್ಲಗೆ ಅಲುಬಿ, ನೆರಳಲ್ಲಿ ಆರಿಸುವುದು. ಬಿಸಿಲು ಬೇಡ, ಹೇರ್ ಡ್ರೈಯರ್ ಬೇಡ, ಪೂರ್ತಿ ಒಣಗುವ ತನಕ ಯಂತ್ರಕ್ಕೆ ಹಾಕುವುದಂತೂ ಬೇಡವೇ ಬೇಡ.

ಒಣ ಕ್ಯಾಸೆಟ್ಟಿಗೂ ಈ ಕೊನೆಯ ಮಾತು ಸಲ್ಲುತ್ತದೆ. ವರ್ಷಗಳ ನಂತರ ಸಿಕ್ಕಿದ ಕ್ಯಾಸೆಟ್ಟನ್ನು ಖುಷಿಯಲ್ಲಿ ಹಳೆಯ ಟೇಪರಿಕಾರ್ಡರಿಗೆ ಹಾಕಿ ಬಟನ್ ಒತ್ತುವುದು ಸಹಜ. ಆದರೆ ಆ ಯಂತ್ರದ ರಬ್ಬರ್ ರೋಲರು ಗಟ್ಟಿಯಾಗಿ, ಬೆಲ್ಟು ಕರಗಿ ರಾಡಿಯಾಗಿರುತ್ತದೆ. ರೀಲು ಸಿಕ್ಕಿಕೊಂಡು ಹರಿಯುತ್ತದೆ. ಕ್ಯಾಸೆಟ್ಟಿನೊಳಗೆ ರೀಲನ್ನು ಹೆಡ್ಡಿಗೆ ಒತ್ತುವ ಚಿಕ್ಕ ಮೆತ್ತೆಯ ಗೋಂದು ಒಣಗಿ ಅದು ಕಳಚಿಬಿದ್ದಿರುವುದೂ ಉಂಟು. ಆಗ ಡಬ್ಬಿ ಬಿಚ್ಚಿ, ರೀಲನ್ನು ಹೊಸ ಡಬ್ಬಿಗೆ ಸಾಗಿಸಬೇಕು. ಸ್ಕ್ರೂ ಇರುವ ಡಬ್ಬಿಯಾದರೆ ಸುಲಭ. ಅಂಟಿಸಿದ್ದಾದರೆ ಒಡೆಯುವುದೇ ದಾರಿ. ಇದಕ್ಕೆಲ್ಲ ಮೊದಲು ಡಬ್ಬಿಯ ಹಿಂಬದಿಯ ಎರಡು ಪ್ಲಾಸ್ಟಿಕ್ ಚೂರುಗಳನ್ನು ಮುರಿಯಿರಿ. ಅವು ಇಲ್ಲದಿದ್ದರೆ ರೆಕಾರ್ಡ್ ಬಟನ್ ಒತ್ತಲು ಬರುವುದಿಲ್ಲ, ಅಳಿಸಿಹೋಗುವ ಭಯವಿಲ್ಲ.

ವಿಡಿಯೋ ಕ್ಯಾಸೆಟ್ಟಿನ ಸ್ಥಿತಿ ಇನ್ನೂ ಕಠಿಣ. ಚಿತ್ರಕ್ಕೆ ದನಿಗಿಂತ ನೂರಾರು ಪಟ್ಟು ವೇಗದ ಏರಿಳಿತ ಬೇಕು. ರೀಲನ್ನೇ ಅಷ್ಟು ಜೋರಾಗಿ ಓಡಿಸಲಾಗದು. ಆದ್ದರಿಂದ ವಿಎಚ್‌ಎಸ್ ಯಂತ್ರದಲ್ಲಿ ಹೆಡ್ಡುಗಳನ್ನು 62 ಮಿಲಿಮೀಟರ್ ವ್ಯಾಸದ ಉರುಳೆಗೆ ಕೂರಿಸಿ, ನಮ್ಮ ದೇಶದ ಟಿವಿ ಪದ್ಧತಿಗೆ ತಕ್ಕಂತೆ ಸೆಕೆಂಡಿಗೆ 25 ಸುತ್ತು ತಿರುಗಿಸುತ್ತಾರೆ. ರೀಲು ಆಮೆಯಂತೆ ಸೆಕೆಂಡಿಗೆ 2.3 ಸೆಂಟಿಮೀಟರ್ ಸರಿದರೂ ಹೆಡ್ಡು ಅದರ ಮೇಲೆ ಓರೆಯಾಗಿ ಸೆಕೆಂಡಿಗೆ ಸುಮಾರು 4.8 ಮೀಟರ್ ವೇಗದಲ್ಲಿ ಗೆರೆ ಎಳೆಯುತ್ತದೆ. ಇಂಥ ಯಂತ್ರವನ್ನು ಊರಿನ ರಿಪೇರಿ ಅಂಗಡಿಯಲ್ಲಿ ಮೊದಲಿನಿಂದ ಮಾಡಿಕೊಳ್ಳಲು ಆಗದು. ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ವಿಸಿಆರ್ ತಯಾರಿಕೆ ನಿಲ್ಲಿಸಿತು. ಒಳ್ಳೆಯ ಗುಣಮಟ್ಟದ ಕ್ಯಾಸೆಟ್ ಡೆಕ್ಕುಗಳೂ ನಿಂತಿವೆ. ಈಗ ಹೊಸದಾಗಿ ಸಿಗುವ ಅಗ್ಗದ ಪ್ಲೇಯರುಗಳು ಈ ಕೆಲಸಕ್ಕೆ ಬಾರವು. ಯುನೆಸ್ಕೊ ಮತ್ತು ಧ್ವನಿ ಭಂಡಾರಗಳ ಅಂತರರಾಷ್ಟ್ರೀಯ ಸಂಘ ಸೇರಿ 2019ರಲ್ಲಿ ಜಗತ್ತಿನ ಸಂಗ್ರಹಗಳ ಸಮೀಕ್ಷೆಗೆ ಇಳಿದದ್ದು ಇದೇ ಆತಂಕದಿಂದ. ಟೇಪು ಓದುವ ಯಂತ್ರಗಳ ಕಾಲ 2025ರ ಹೊತ್ತಿಗೆ ಮುಗಿಯಬಹುದೆಂಬ ಎಚ್ಚರಿಕೆ ಅದರಲ್ಲಿತ್ತು. ಆ ಗಡುವು ಬಂದಾಗಿದೆ.

ತೇರದಾಳದ ಬಸದಿಯ ಹನ್ನೆರಡನೇ ಶತಮಾನದ ಶಾಸನವನ್ನು ಓದಲು ಹಳಗನ್ನಡ ಲಿಪಿ ಬಲ್ಲ ಕಣ್ಣು ಸಾಕು. ಅದೇ ಊರಿನ ಕ್ಯಾಸೆಟ್ಟಿಗೆ ಹೆಡ್ಡು, ಮೋಟರು, ರೋಲರು, ಅದನ್ನು ಹೊಂದಿಸಬಲ್ಲ ಕೈ, ಎಲ್ಲವೂ ಒಂದೇ ಕಾಲಕ್ಕೆ ಬೇಕು. ಆದ್ದರಿಂದ ಹಳೆಯ ಡೆಕ್ಕುಗಳನ್ನು ಗುಜರಿಗೆ ಹಾಕುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಕೆಟ್ಟದ್ದಾದರೂ ಬಿಡಿಭಾಗಕ್ಕೆ ಬರುತ್ತದೆ.

ಇಳಿಸಿಕೊಳ್ಳುವಾಗ ಧ್ವನಿ ಭಂಡಾರಗಳು ಸಾಮಾನ್ಯವಾಗಿ ಅನುಸರಿಸುವ ಅಳತೆ ಸೆಕೆಂಡಿಗೆ 96,000 ಮಾದರಿ, ಪ್ರತಿ ಮಾದರಿಗೆ 24 ಬಿಟ್. ಸ್ಟೀರಿಯೊ ಆದರೆ ಗಂಟೆಗೆ ಸುಮಾರು 2 ಜಿಬಿ. ಎಂಪಿ3ಗೆ ಇಳಿಸಿದರೆ ಜಾಗ ಉಳಿಯುತ್ತದೆ, ಕಿವಿಗೆ ಬೇಡವೆಂದು ಲೆಕ್ಕಹಾಕಿದ ಅಂಶಗಳು ಹೋಗುತ್ತವೆ. ಕರೆಂಟಿನ ಆ ಗುಂಯ್‌ಗೆ ಬೆಲೆ ಇದೆಯೆಂದು ಎಂಪಿ3ಗೆ ತಿಳಿಯದು. ಇಳಿಸಿದ ಕಡತದ ಮೂರು ಪ್ರತಿಯಾದರೂ ಬೇಕು, ಒಂದು ಬೇರೆ ಊರಿನಲ್ಲಿ. ಹಾರ್ಡ್ ಡಿಸ್ಕೂ ಸಾಯುತ್ತದೆ.

ಹಿಡಿದದ್ದು ಮರಳಿ ಊರಿಗೆ ಸಿಗುವುದೂ ಸಂರಕ್ಷಣೆಯ ಭಾಗವೇ. ಡಚ್ ವಿದ್ವಾಂಸ ಆರ್ನಲ್ಡ್ ಬಾಕೆ 1938ರಲ್ಲಿ ದಕ್ಷಿಣ ಭಾರತ ಸುತ್ತಿ ಕರ್ನಾಟಕದಲ್ಲೂ ಹಾಡುಗಳನ್ನು ಹಿಡಿದಿದ್ದರು. 1984ರಲ್ಲಿ ನಜೀರ್ ಜೈರಾಜಭಾಯ್ ಮತ್ತು ಏಮಿ ಕ್ಯಾಟ್ಲಿನ್ ಆ ದನಿಗಳನ್ನು ಹೊತ್ತು ಅದೇ ಊರುಗಳಿಗೆ ಮರಳಿ ಬಂದು, ಕೇಳಿಸಿ, ಏನು ಉಳಿದಿದೆ ಏನು ಬದಲಾಗಿದೆ ಎಂದು ನೋಡಿದರು. 1990ರ ಡಿಸೆಂಬರಿನಲ್ಲಿ ಫಿನ್‌ಲ್ಯಾಂಡಿನ ಲೌರಿ ಹೊಂಕೊ ಅವರು ವಿವೇಕ ರೈ, ಚಿನ್ನಪ್ಪ ಗೌಡರ ಜೊತೆ ಗೋಪಾಲ ನಾಯ್ಕರ ಬಾಯಿಂದ ತುಳುವಿನ ಸಿರಿ ಕಾವ್ಯವನ್ನು ಹಿಡಿದರು. 15,683 ಸಾಲುಗಳ ಅದು ಅಚ್ಚಾಗಿ ಬಂದದ್ದು 1998ರಲ್ಲಿ. ಈ ಎರಡೂ ಸಂಗ್ರಹಗಳಲ್ಲಿ ಯಾರು, ಎಲ್ಲಿ, ಯಾವಾಗ ಎಂಬುದನ್ನು ಬರೆದಿಟ್ಟಿದ್ದರಿಂದಲೇ ಮುಂದಿನ ಕೆಲಸ ಸಾಧ್ಯವಾಯಿತು.

ಮನೆಯ ಕ್ಯಾಸೆಟ್ಟುಗಳ ಮೇಲೆ ‘ಪಾರಿಜಾತ 2’ ಎಂದಷ್ಟೇ ಬರೆದಿರುತ್ತದೆ. ಯಾವ ಮೇಳ, ಸತ್ಯಭಾಮೆ ಯಾರು, ಹಾರ್ಮೋನಿಯಂ ನುಡಿಸಿದವರು ಯಾರು, ಯಾರ ಮನೆಯ ಕಾರ್ಯಕ್ಕೆ ಆಡಿಸಿದ್ದು? ದನಿ ಕೇಳಿದ ಕೂಡಲೇ ‘ಇವರು ಇಂಥವರು’ ಎಂದು ಹೇಳಬಲ್ಲ ಹಿರಿಯರು ತೇರದಾಳ, ಜಮಖಂಡಿ, ಮುಧೋಳದ ಊರುಗಳಲ್ಲಿ ಇನ್ನೂ ಇದ್ದಾರೆ. ಡೆಕ್ಕು ಹುಡುಕುವ ಮುನ್ನವೇ ಅವರ ಮುಂದೆ ಹೊದಿಕೆಯ ಚೀಟಿ ಇಟ್ಟು, ನೆನಪಿದ್ದಷ್ಟನ್ನು ಕೇಳಿ, ಮೃದುವಾದ ಪೆನ್ಸಿಲ್ಲಿನಿಂದ ಆ ಚೀಟಿಯ ಬೆನ್ನಿಗೇ ಬರೆಯಿರಿ. ಹೆಸರು, ಊರು, ವರ್ಷ. ವರ್ಷ ನೆನಪಿಲ್ಲದಿದ್ದರೆ ಯಾವ ಬರಗಾಲದ ಹಿಂದೆ, ಯಾರ ಮದುವೆಯ ಮುಂದೆ ಎಂಬುದೂ ನಡೆಯುತ್ತದೆ.